ಮಾಸ್ಟ್ರ ಎರಡು ಚುಕ್ಕಿ

ಒಂದು ಚಿಹ್ನೆ ಆರಿಸಲಾಗದೆ ಮೂವರು ಸೇರಿ ಒಂದು ಭಾಷೆಯನ್ನೇ ಕೊಂದೆವು. ಹೇಳಿದರೆ ಜನ ನಗುತ್ತಾರೆ. ನಗಲಿ.

ಕನ್ನಡದಲ್ಲೇ ಪ್ರೋಗ್ರಾಂ ಬರೆಯಲು ಮಕ್ಕಳಿಗೊಂದು ಭಾಷೆ ಮಾಡಿದ್ದು ನಾನು ಮತ್ತು ಅಂಕಿತ್. ನಾನು ತೋಡಾರಿನವಳು, ಅವನು ಮೂಡಬಿದಿರೆಯವನು. ಇಬ್ಬರೂ ಉಜಿರೆಯಲ್ಲಿ ಕಂಪ್ಯೂಟರ್ ಪಾಠ ಮಾಡುವವರು. ಭಾಷೆಗೆ ‘ತೆನೆ’ ಎಂದು ಹೆಸರಿಟ್ಟೆವು. ಇಡೀ ಲೋಕದಲ್ಲಿ ಅದನ್ನು ಬಳಸುತ್ತಿದ್ದುದು ಪುತ್ತಿಗೆ ಕಡೆಯ ಒಂದೇ ಒಂದು ಶಾಲೆ. ಅದೂ ನಮಗೆ ಗಣಿತ ಕಲಿಸಿದ ಪದ್ಮರಾಜ ಮಾಸ್ಟ್ರು ಹೇಳಿದರೆಂದು ಅಲ್ಲಿಯ ಯಶೋಧಾ ಟೀಚರ್ ಒಪ್ಪಿದ್ದು. ಆ ಶಾಲೆ ಕೈಬಿಟ್ಟರೆ ತೆನೆಗೆ ಬೇರೆ ಗತಿಯಿರಲಿಲ್ಲ.

ಟೀಚರ್ ಕೇಳಿದ್ದು ಇಷ್ಟೇ. ಪರೀಕ್ಷೆಗೆ ಬಾರದ ಮಗುವಿನ ಅಂಕದ ಜಾಗ ಖಾಲಿ ಇದ್ದರೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಖಾಲಿ ಇದ್ದಲ್ಲಿ ಸೊನ್ನೆ ತೆಗೆದುಕೋ ಎನ್ನಲು ಒಂದು ಚಿಹ್ನೆ ಬೇಕು. ಮಾಸ್ಟ್ರ ಮನೆಯ ಜಗಲಿಯಲ್ಲಿ ಕುಳಿತೆವು. ಎರಡು ಪ್ರಶ್ನಾರ್ಥಕ ಚಿಹ್ನೆ ಇರಲಿ, ಬೇರೆ ಭಾಷೆಗಳಲ್ಲೂ ಅದೇ ಇದೆ ಎಂದೆ ನಾನು. ಅಂಕಿತ್‌ಗೆ ‘ಇಲ್ಲವಾದರೆ’ ಎಂಬ ಪದವೇ ಬೇಕು. ಚಹಾ ಕುಡಿಯುತ್ತಿದ್ದ ಮಾಸ್ಟ್ರು ತಲೆಯೆತ್ತಿದರು.

"ಎರಡು ಚುಕ್ಕಿ ಸಾಕಲ್ಲ? ಬಿಟ್ಟ ಸ್ಥಳ ಅಂದ್ರೆ ಚುಕ್ಕಿಯೇ. ನಾನು ಬೋರ್ಡಿನಲ್ಲಿ ಹಾಗೇ ಹಾಕ್ತಿದ್ದದ್ದು."

ಆದರೆ ತೆನೆಯಲ್ಲಿ ಎರಡು ಚುಕ್ಕಿಗೆ ಆಗಲೇ ಕೆಲಸವಿತ್ತು. ಒಂದರಿಂದ ಹತ್ತರವರೆಗೆ ಎಣಿಸು ಎನ್ನಲು 1..10 ಎಂದು ಬರೆಯುತ್ತಿದ್ದೆವು. ಅದನ್ನು ಮಾಸ್ಟ್ರಿಗೆ ಹೇಳುವವರು ಯಾರು? ನಮ್ಮಲ್ಲಿ ‘ಬೇಡ’ ಎಂಬ ಮಾತು ಮುಖದೆದುರು ಹೊರಡುವುದಿಲ್ಲ. ‘ನೋಡುವ’ ಎನ್ನುತ್ತೇವೆ, ಕೇಳಿದವರು ಅರ್ಥ ಮಾಡಿಕೊಂಡು ಸುಮ್ಮನಾಗುತ್ತಾರೆ. ಅಂಕಿತ್‌ಗೆ ಅಷ್ಟು ಹೇಳುವ ಧೈರ್ಯವೂ ಬರಲಿಲ್ಲ. "ಆಯ್ತು ಸಾರ್, ಹಾಕುವ" ಎಂದುಬಿಟ್ಟ.

"ತಲೆ ಸರಿ ಉಂಟಾ ನಿಂಗೆ?" ಅಂಗಳ ದಾಟಿದ ಮೇಲೆ ರೇಗಿದೆ.

"ಅವರಿಗೆ ಬೇಸರ ಮಾಡ್ಲಿಕ್ಕೆ ಆಗ್ತದಾ ಮಾರಾಯ್ತಿ? ಮೂರನ್ನೂ ಇಡುವ. ಎರಡು ಚುಕ್ಕಿಯ ಎಡಗಡೆ ಖಾಲಿ ಇದ್ರೆ ಮಾಸ್ಟ್ರ ಅರ್ಥ, ಅಂಕ ಇದ್ರೆ ಹಳೇ ಅರ್ಥ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಬುದ್ಧಿ. ಖಾಲಿ ಇದ್ದಲ್ಲಿ ಸೊನ್ನೆ ಬರುತ್ತದೆಯೇ ಎಂದಷ್ಟೇ ಪರೀಕ್ಷಿಸಿದೆವು. ಬಂತು. ಜಗಳವಾಡಿ ನನಗೂ ಸಾಕಾಗಿತ್ತು.

ಗುರುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಾಸ್ಟ್ರೂ ತರಗತಿಗೆ ಬಂದರು. ಮೂರು ಬಗೆ ಹೇಳಿಕೊಟ್ಟರೂ ಮಕ್ಕಳೆಲ್ಲ ಆರಿಸಿದ್ದು ಅವರ ಎರಡು ಚುಕ್ಕಿಯನ್ನೇ, ಬರೆಯಲು ಸುಲಭವಲ್ಲವೇ. ಮಾಸ್ಟ್ರ ಮುಖ ಅರಳಿತು. ಗ್ರೀಷ್ಮಾ ಎಂಬ ಹುಡುಗಿ ‘ಅಂಕ..0’ ಎಂದು ಬರೆದು, ತನ್ನ ಅಂಕ ನಲವತ್ತೆರಡನ್ನು ಕೊಟ್ಟು ಗುಂಡಿ ಒತ್ತಿದಳು. ಕಂಪ್ಯೂಟರ್ ಚುಕ್ಕಿಯ ಹಳೇ ಅರ್ಥ ಹಿಡಿದು ಎಣಿಸತೊಡಗಿತು. ನಲವತ್ತೆರಡು, ನಲವತ್ತೊಂದು, ನಲವತ್ತು ಎಂದು ಪರದೆಯ ತುಂಬ ಇಳಿಯುತ್ತ ಇಳಿಯುತ್ತ ಅದು ಸೊನ್ನೆಗೆ ಬಂದು ನಿಂತಿತು. ಪರೀಕ್ಷೆ ಬರೆದವರೆಲ್ಲರದ್ದೂ ಅದೇ ಗತಿ. ಬಾರದವರದ್ದು ಮಾತ್ರ ಸರಿಯಿತ್ತು.

"ನಾನು ಎಂತ ತಪ್ಪು ಮಾಡಿದ್ದು ಟೀಚರ್?" ಗ್ರೀಷ್ಮಾ ಅಳುಮೋರೆ ಮಾಡಿದಳು.

"ಕಂಪ್ಯೂಟರ್ ಹಳತಾಗಿರ್ಬೇಕು" ಎಂದರು ಮಾಸ್ಟ್ರು.

ಆಗಲೂ ನಾವಿಬ್ಬರು "ಹೌದು ಸಾರ್" ಎಂದೆವು! ಆ ಮಗುವಿನ ಮುಖ ನೋಡಿಯೂ ಬಾಯಿ ಬಿಡಲಿಲ್ಲ. ನಮ್ಮ ವಿನಯಕ್ಕಿಷ್ಟು ಬೆಂಕಿ ಹಾಕಬೇಕು.

ಯಶೋಧಾ ಟೀಚರ್ ಗೇಟಿನ ತನಕ ಬಂದರು. "ಮುಂದಿನ ವಾರ ಸರಿ ಮಾಡಿ ತರ್ತೇವೆ ಟೀಚರ್" ಎಂದೆ.

ಅವರು ನಗುತ್ತಲೇ ಹೇಳಿದರು: "ನೋಡುವ."

ಅಂಕಿತ್ ನೆಲ ನೋಡುತ್ತಿದ್ದ.

ಬಸ್‌ಸ್ಟ್ಯಾಂಡಿನಲ್ಲಿ ಅವನು ಲ್ಯಾಪ್‌ಟಾಪ್ ತೆರೆದು ಮಾಸ್ಟ್ರ ಅರ್ಥವನ್ನು ಅಳಿಸಿದ. ತನ್ನ ‘ಇಲ್ಲವಾದರೆ’ಯನ್ನೂ ಅಳಿಸಿದ.

"ನಿನ್ನದೇ ಇರ್ಲಿ ಮುರ್ಶಿದಾ. ಇನ್ನು ಯಾರಿಗೆ ಬೇಸರ ಆಗ್ಲಿಕ್ಕುಂಟು?"

ನಾನು ಗೆದ್ದಿದ್ದೆ. ಬರೆಯಲು ಒಂದು ಮಗುವೂ ಉಳಿದಿಲ್ಲವೆಂದು ಗೊತ್ತಿದ್ದೂ ಲ್ಯಾಪ್‌ಟಾಪ್ ಎಳೆದುಕೊಂಡು, ಗ್ರೀಷ್ಮಾಳ ಅಂಕದ ಮುಂದೆ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ ಗುಂಡಿ ಒತ್ತಿದೆ. ನಲವತ್ತೆರಡೇ ಬಂತು. ಬಸ್ಸು ಬರುವ ತನಕ ಅತ್ತೆ.