ಗೇಟು ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಡುಕಿ. ಹಳೇಬೀಡಿನ ಶಾಲೆಯೊಂದರಲ್ಲಿ ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. 'ಹಂಸಾ ಮಿಸ್ ಬಂದ್ರು' ಎಂದರೆ ಸಾಕು, ಗದ್ದಲ ತಾನಾಗಿ ನಿಲ್ಲುತ್ತದೆ. ಅದು ನನಗೊಂದು ಹೆಮ್ಮೆ. ಸುಡುಗಾಡು ಹೆಮ್ಮೆ!

ಮಗಳು ಮೇಧಿನಿ ನಾಲ್ಕನೇ ತರಗತಿಗೆ ನನ್ನ ಕ್ಲಾಸಿಗೇ ಬಂದಳು. ಟೀಚರ್ ಮಗಳು ಅಂದರೆ ಊರ ಕಣ್ಣೆಲ್ಲ ಅವಳ ಮಾರ್ಕ್ಸ್ ಮೇಲೆ. ಅದಕ್ಕೇ ನಾನೊಂದು ಕಾನೂನು ಮಾಡಿದೆ: ಗೇಟು ದಾಟಿದ ಮೇಲೆ ನಾನು ಅಮ್ಮ ಅಲ್ಲ, ಮಿಸ್. ಬೇರೆ ಮಕ್ಕಳಿಗೆ ಒಂದು ಬೈಗುಳವಾದರೆ ಅವಳಿಗೆ ಎರಡು. ಮೇಷ್ಟ್ರುಗಳ ಮನೆಯಲ್ಲಿ ಇದು ಇದ್ದದ್ದೇ. ನಮ್ಮಪ್ಪನೂ ನನಗೆ ಹೀಗೇ ಮಾಡಿದ್ದರು.

ಕಳೆದ ಆಗಸ್ಟಿನಲ್ಲಿ ಒಂದು ದಿನ, ಲೆಕ್ಕದ ಪೀರಿಯಡ್ಡಿನಲ್ಲಿ ಅವಳು ಎದ್ದು ನಿಂತು, "ಅಮ್ಮಾ, ಒಂದಕ್ಕೆ ಹೋಗ್ಲಾ?" ಅಂದಳು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

"ಇಲ್ಲಿ ಯಾರೇ ನಿನಗೆ ಅಮ್ಮ? ಸರಿಯಾಗಿ ಕೇಳು, ಕಳಿಸ್ತೀನಿ."

ಅವಳು ತುಟಿ ಕಚ್ಚಿಕೊಂಡು ನಿಂತಳು. ಅವಳದು ಹಟ ಎಂದುಕೊಂಡು ನಾನೂ ಹಟ ಹಿಡಿದೆ, ಭಾಗಾಕಾರ ಮುಂದುವರಿಸಿದೆ. ಬೋರ್ಡಿನಿಂದ ತಿರುಗಿ ನೋಡುವಷ್ಟರಲ್ಲಿ ಅವಳ ಬಿಳಿ ಸಾಕ್ಸ್ ಒದ್ದೆಯಾಗಿತ್ತು. ಆಗ ಯಾರೂ ನಗಲಿಲ್ಲ.

ಅಷ್ಟೇ. ಮರುದಿನದಿಂದ ಯೂನಿಫಾರ್ಮ್ ಕಂಡರೆ ವಾಂತಿ. ಒಂದು ತಿಂಗಳು ಗುದ್ದಾಡಿದೆವು. ಕೊನೆಗೆ ನನ್ನ ಅತ್ತೆ ಚೆಲುವಾಂಬ ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಅವರು ಓದಿದ್ದು ಏಳನೇ ಕ್ಲಾಸು.

"ಸಾಕು ಮಾಡೇ ಹಂಸಾ. ಮಗು ಮನೇಲೇ ಕಲೀಲಿ, ನಾನು ನೋಡ್ಕೋತೀನಿ. ಹೆಂಗಸರಿಗೆ ಬಸ್ಸು ಫ್ರೀ, ಹೋದಲ್ಲೆಲ್ಲಾ ಪಾಠ."

ಅರಸೀಕೆರೆಯ ಆಫೀಸಿಗೆ ಓಡಾಡುವ ನನ್ನವರು 'ಜನ ಏನಂತಾರೆ' ಎಂದು ಗೊಣಗಿ ಸುಮ್ಮನಾದರು. ಮಗಳನ್ನು ಶಾಲೆ ಬಿಡಿಸುವ ಅರ್ಜಿಯನ್ನು ನಾನೇ ಬರೆದೆ.

ಅತ್ತೆ ಮಾತಿಗೆ ತಪ್ಪಲಿಲ್ಲ. ಜಾವಗಲ್ ಸಂತೆಯಲ್ಲಿ ತೂಕ, ತೆಂಗಿನಕಾಯಿ ರಾಶಿಯಲ್ಲಿ ಗುಣಾಕಾರ, ಬಿಕ್ಕೋಡಿನಲ್ಲಿ ಕಾಫಿ ಹೂವು, ಬೇಲೂರಿನ ಗುಡಿಯ ಗೋಡೆಯ ಮೇಲೆ ಆನೆ ಎಣಿಕೆ. ಮಗು ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದು ಅಜ್ಜಿಯ ಮುಂದೆ ವಟವಟ. ವಾಂತಿ ನಿಂತಿತು, ಕೆನ್ನೆ ತುಂಬಿತು. ಅತ್ತೆಯ ಮೇಲೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ಯಾಕೆಂದರೆ ನನ್ನನ್ನು ಮಾತ್ರ ಅವಳು ಏನೆಂದೂ ಕರೆಯುತ್ತಿರಲಿಲ್ಲ. "ಅಜ್ಜೀ, ನಂಗೆ ಮೊಸರು ಸಾಕಂತ ಅವರಿಗೆ ಹೇಳು." ಏಳು ತಿಂಗಳು ಹೀಗೇ. ಒಂದೇ ಒಂದು ಸಲ 'ಅಮ್ಮಾ' ಅಂದುಬಿಡಲಿ ದೇವರೇ ಎಂದು ಕಾದೆ.

ಮೊನ್ನೆ ಭಾನುವಾರ ಅತ್ತೆ, "ನೀನೂ ಬಾರೇ ಬಸ್ತಿಹಳ್ಳಿಗೆ. ಆ ಮಿಸ್ಸಮ್ಮನ್ನ ಮಾತ್ರ ಮನೇಲಿ ಬಿಟ್ಟು ಬಾ" ಅಂದರು. ಶಾಲೆಗೆ ಉಡುವ ಕಾಟನ್ ಸೀರೆ ಬಿಟ್ಟು ಚೂಡಿದಾರ್ ಹಾಕಿದೆ. ವಾಚನ್ನೂ ಬಿಚ್ಚಿಟ್ಟೆ.

ಅಲ್ಲಿನ ಜೈನ ಬಸದಿಯ ಕಂಬಗಳು ಮುಖ ಕಾಣುವಷ್ಟು ನುಣುಪು. ಮೇಧಿನಿ ಒಂದೊಂದರ ಮುಂದೂ ನಿಂತು ಮೂತಿ ಸೊಟ್ಟ ಮಾಡಿ ನಗುತ್ತಿದ್ದಳು. ಒಮ್ಮೆ ನನ್ನನ್ನು ನೋಡಿಯೂ ನಕ್ಕಳು. ನನ್ನ ಕಣ್ಣು ತುಂಬಿತು. ಎಳನೀರು ತರುತ್ತೇನೆಂದು ಅತ್ತೆ ಬೇಕಂತಲೇ ಆಚೆ ಹೋದರು. ಏನಾದರೂ ಮಾತಾಡಬೇಕಲ್ಲ, ನನ್ನ ಹಾಳು ಬಾಯಿಗೆ ಬೇರೇನೂ ತೋಚಲಿಲ್ಲ.

"ಎಷ್ಟು ಕಂಬ ಇದೆ? ಎಣಿಸಿ ಹೇಳು ನೋಡೋಣ."

ಅವಳ ನಗು ಆರಿಹೋಯಿತು. ಕಾಲು ಜೋಡಿಸಿ, ಕೈ ಕಟ್ಟಿ ನಿಂತಳು. ಕಂಬದಲ್ಲಿ ನನ್ನ ಮುಖ ಕಂಡಿತು: ಹುಬ್ಬು ಗಂಟಿಕ್ಕಿ ಉತ್ತರಕ್ಕೆ ಕಾಯುವ ಮುಖ.

"ಬೇಡ ಪುಟ್ಟಿ, ಎಣಿಸ್ಬೇಡ. ಸುಮ್ನೆ ಕೇಳ್ದೆ ಕಣೇ."

ಅವಳು ಕದಲಲಿಲ್ಲ. ತೊಡೆಗೆ ತೊಡೆ ಒತ್ತಿಕೊಂಡು ಬಾಗಿಲಿನತ್ತ ನೋಡಿದಳು. ಅಜ್ಜಿ ಇನ್ನೂ ಬಂದಿರಲಿಲ್ಲ. ಆಮೇಲೆ ಮೆಲ್ಲಗೆ ಕಿರುಬೆರಳು ಎತ್ತಿದಳು.

"ಮಿಸ್, ಒಂದಕ್ಕೆ ಹೋಗ್ಲಾ ಮಿಸ್?"

ಎಷ್ಟು ಸರಿಯಾಗಿ ಕೇಳಿದಳು! ನಾನು ಕಲಿಸಿದ ಹಾಗೇ. ಹೋಗು ಎಂದು ತಲೆಯಾಡಿಸಿದೆ.

"ಥ್ಯಾಂಕ್ಯೂ ಮಿಸ್" ಎಂದು ಹೇಳಿ ಹೊರಗೆ ಓಡಿದಳು. ಅಜ್ಜಿಯನ್ನು ಕೂಗುವುದು ಕೇಳಿಸಿತು.