ಗಾಜಿನ ಮನೆಯ ಮೂರು ಮೆಟ್ಟಿಲು

ಆ ವರ್ಷ ಹಾಲ್ಬೆರಾಳ ಸೌತೆಬಳ್ಳಿಗೆ ಹುಚ್ಚು ಹಿಡಿದಿತ್ತು. ನವೆಂಬರ್ ಬಂತೆಂದರೆ ಬೇರೆಯವರ ಮನೆಯ ಬಳ್ಳಿ ಮುಖ ಜೋಲುಹಾಕುತ್ತದೆ, ದೀಪ ಎಷ್ಟು ಉರಿಸಿದರೂ ಬೆರಳುದ್ದದ ಕಾಯಿ ಬಿಡಲು ನೂರು ನೆಪ ಹೇಳುತ್ತದೆ. ಇವಳದು ಹಾಗಲ್ಲ. ಸಂಜೆ ನೋಡಿದ ಕುಡಿ ಬೆಳಗಾಗುವುದರೊಳಗೆ ಒಂದು ಗೇಣು ಮೇಲೇರಿರುತ್ತಿತ್ತು. ತುಪ್ಪದ ಹೀರೆಯ ಎಲೆ ಊಟದ ತಟ್ಟೆಯಷ್ಟು ಅಗಲ. ಹತ್ತು ವರ್ಷ ಹೂ ಬಿಡದೆ ಸತಾಯಿಸಿದ್ದ ಪ್ಯಾಶನ್ ಹಣ್ಣಿನ ಬಳ್ಳಿಯಂತೂ ಸೂರಿನ ತಂತಿಯುದ್ದಕ್ಕೂ ಹಬ್ಬಿ, ಹೊರಗೆ ಹಿಮ ಬೀಳುತ್ತಿರುವಾಗ ನೇರಳೆ ಹೂ ಮುಡಿದುಕೊಂಡು ಕೂತಿತ್ತು. ನೋಡಲು ಬಂದ ಅಕ್ಕಪಕ್ಕದವರು ಒಳ್ಳೆಯ ಮಾತಾಡಿ, ಹೊರಗೆ ಹೋಗಿ ಮೂಗು ಮುರಿದರು. ಹಾಲ್ಬೆರಾಳಿಗೆ ಅದೂ ಖುಷಿಯೇ.

ಖುಷಿಪಡಲು ಅವಳಿಗೆ ಹಕ್ಕಿತ್ತು ಬಿಡಿ. ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಮಂಜುನೀರಿಗೆ ಕೈ ಅದ್ದಿ ಬೆರಳು ಸೊಟ್ಟಗೆ ಮಾಡಿಕೊಂಡವಳು. ಕೆಲಸ ಬಿಟ್ಟ ದಿನವೇ, ಇನ್ನು ಸಾಯುವವರೆಗೆ ಬೆಚ್ಚಗಿರುತ್ತೇನೆ ಎಂದು ಗಂಡ ಕೆತಿಲ್‌ಗೆ ಹೇಳಿದಳು. ಮನೆಯ ಹಿಂದೆ ಗಾಜಿನ ಮನೆ ಎದ್ದಿತು. ಗಾಳಿಗೆ ಸಿಗಬಾರದೆಂದು ಅರ್ಧ ನೆಲದೊಳಗೆ ಅಗೆದು ಕಟ್ಟಿದ್ದು. ಬಾಗಿಲು ತೆರೆದರೆ ಒಳಗೆ ಮೂರು ಮೆಟ್ಟಿಲು ಇಳಿಯಬೇಕು. ಅಂಗಳದ ಕೊಳವೆಬಾವಿಯಿಂದ ಕುದಿನೀರು ತಾನೇ ಉಕ್ಕಿ ಬಂದು ಗೋಡೆಯ ಸುತ್ತ ಕೊಳವೆಗಳಲ್ಲಿ ಹರಿಯುತ್ತಿತ್ತು. ಸೌದೆ ಬೇಡ, ಎಣ್ಣೆ ಬೇಡ. ನೆಲದ ಕಾವು ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದ ಆಸ್ತಿ. ಅದನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಸೆಪ್ಟೆಂಬರಿನಲ್ಲಿ ಭೂಮಿ ಸ್ವಲ್ಪ ಅಲುಗಿತ್ತು. ಅಷ್ಟಕ್ಕೆಲ್ಲ ಇಲ್ಲಿ ಯಾರೂ ಕೈಯಲ್ಲಿರುವ ಕಾಫಿ ಕೆಳಗಿಡುವುದಿಲ್ಲ. ಬಳ್ಳಿಗೆ ಹುಚ್ಚು ಹಿಡಿದದ್ದು ಮಾತ್ರ ಆಮೇಲೆ. ಊರೆಲ್ಲ ಬಿಳಿಯಾದರೂ ಗಾಜಿನ ಮನೆಯ ಸುತ್ತ ಎರಡು ಮಾರು ಹುಲ್ಲು ಹಸಿರಾಗಿಯೇ ಉಳಿಯಿತು. ಬಿದ್ದ ಹಿಮ ಅಲ್ಲಿ ಕರಗಿ, ಗಾಳಿ ಬೀಸಿದಾಗ ಮತ್ತೆ ಗಡ್ಡೆಕಟ್ಟುತ್ತಿತ್ತು.

ಮೊದಲು ಒಲ್ಲೆನೆಂದದ್ದು ನಾಯಿ. ಸ್ಕುಗ್ಗಿ ಎಂಬ ಗಿಡ್ಡ ಕಾಲಿನ ಆ ಕರಿನಾಯಿ ಮೊದಲೆಲ್ಲ ಬಿಸಿ ಕೊಳವೆಗೆ ಬೆನ್ನು ಕೊಟ್ಟು ಮಲಗುತ್ತಿತ್ತು. ಅಕ್ಟೋಬರಿನಲ್ಲಿ ಒಂದು ದಿನ ಎರಡನೇ ಮೆಟ್ಟಿಲಿನವರೆಗೆ ಇಳಿದು, ಮೂಗು ಹಿಂದೆಳೆದುಕೊಂಡು ಹೊರಗೋಡಿತು. ಮತ್ತೆ ಬರಲಿಲ್ಲ. ಆಮೇಲೆ ಟೊಮೆಟೊ ಕುಂಡಗಳ ಸಂದಿಯಲ್ಲಿ ಮೂರು ಇಲಿ ಸತ್ತು ಬಿದ್ದಿದ್ದವು, ಮೈಮೇಲೆ ಒಂದು ಗೀರೂ ಇರಲಿಲ್ಲ. ಬಗ್ಗಿ ಕಳೆ ಕಿತ್ತ ದಿನ ಹಾಲ್ಬೆರಾಳಿಗೆ ತಲೆ ಸಿಡಿಯುತ್ತಿತ್ತು. ನಾಯಿಗೆ ವಯಸ್ಸಾಯಿತು, ಇಲಿಗೆ ಪಕ್ಕದ ಮನೆಯವರು ಪಾಷಾಣ ಇಟ್ಟಿದ್ದಾರೆ, ನನಗೆ ಕನ್ನಡಕ ಬದಲಾಯಿಸಬೇಕು ಎಂದು ಅವಳು ಮೂರಕ್ಕೂ ಮೂರು ಕಾರಣ ಹುಡುಕಿಕೊಂಡಳು.

ಕೆತಿಲ್‌ಗೆ ಕಾರಣ ಒಂದೇ ಎಂದು ಗೊತ್ತಿತ್ತು. ಅವನು ಹೆಕ್ಲಾ ಬೆಟ್ಟದ ಬುಡದಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ಬೆಟ್ಟ ಬೆಂಕಿ ಕಾರಿ ತಣ್ಣಗಾದ ಮೇಲೆ ಅಲ್ಲಿನ ತಗ್ಗುಗಳಲ್ಲಿ ಕುರಿಗಳು ನಿಂತ ನಿಂತಲ್ಲೇ ಬಿದ್ದದ್ದನ್ನು ಅವನ ಅಪ್ಪ ಕಣ್ಣಾರೆ ಕಂಡಿದ್ದ. ಮೊದಲು ಮರಿಗಳು ಬಿದ್ದವಂತೆ. ಆಮೇಲೆ ಮರಿಯನ್ನು ಮೂಸಲು ತಲೆ ಬಗ್ಗಿಸಿದ ತಾಯಿಕುರಿಗಳು. ಅದೇ ತಗ್ಗಿಗಿಳಿದ ಅಪ್ಪನಿಗೆ ಏನೂ ಆಗಲಿಲ್ಲ, ಏಕೆಂದರೆ ಅವನ ಮೂಗು ಎತ್ತರದಲ್ಲಿತ್ತು. ನೆಲ ಬಿಡುವ ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಈ ಕತೆಯನ್ನು ಹಾಲ್ಬೆರಾ ಮದುವೆಯಾದಾಗಿನಿಂದ ಕೇಳಿ ಕೇಳಿ ಸುಸ್ತಾಗಿದ್ದಳು.

ರೇಕ್ಯಾವಿಕ್‌ನಿಂದ ಭೂಮಿ ಪರೀಕ್ಷೆ ಮಾಡುವವರನ್ನು ಕರೆಸೋಣ ಎಂದು ಕೆತಿಲ್ ಹೇಳಿದ. ಅವಳು ಉರಿದುಬಿದ್ದಳು. ಅವರು ಬರುವುದೆಂದರೆ ಬಾಗಿಲಿಗೆ ಕೆಂಪು ಪಟ್ಟಿ ಬಡಿಯುವುದೆಂದೇ ಅರ್ಥ.

"ಆ ಗಾಳೀನ ದೊಡ್ಡ ತೋಟದವರು ದುಡ್ಡು ಕೊಟ್ಟು ಸಿಲಿಂಡರಲ್ಲಿ ತರಿಸ್ಕೊಂಡು ಗಿಡಕ್ಕೆ ಕುಡಿಸ್ತಾರೆ. ನನಗೆ ನೆಲದಿಂದ ಪುಕ್ಕಟೆ ಬರ್ತಿದೆ ಅಂದ್ರೆ ನಿನಗ್ಯಾಕೆ ಹೊಟ್ಟೆನೋವು?" ಎಂದಳು.

"ಗಿಡಕ್ಕೆ ಅದು ಹಾಲು-ತುಪ್ಪ ಕಣೆ ಮುದುಕಿ. ನಾನು ಗಿಡದ ಮಾತಾಡ್ತಿಲ್ಲ."

ಎರಡು ದಿನ ಮಾತು ಬಿಟ್ಟರು. ಕೊನೆಗೆ ಕೆತಿಲ್ ನೆಲದ ಗಾಳಿ ಹೀರಿ ಹೊರಗೆ ಬಿಡುವ ಒಂದು ಫ್ಯಾನನ್ನು ಗೋಡೆಯ ಬುಡದಲ್ಲಿ ಕೂರಿಸಿದ. ಬೆಚ್ಚನೆ ಗಾಳಿಯೆಲ್ಲ ದಂಡವಾಯಿತೆಂದು ಅವಳು ಗೊಣಗಿದಳು, ಆದರೆ ತಲೆನೋವು ಕಡಿಮೆಯಾದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಕ್ರಿಸ್ಮಸ್ಸಿಗೆ ಹತ್ತು ದಿನವಿರುವಾಗ ಮಗಳು ಸ್ವಾಲಾ ಎಂಟು ತಿಂಗಳ ಕೂಸು ಲೋವಾಳನ್ನು ಬಿಟ್ಟು ಆಸ್ಪತ್ರೆಯ ಕೆಲಸಕ್ಕೆ ಹೋದಳು. ಮಧ್ಯಾಹ್ನದ ನಿದ್ದೆ ಹೊರಗೇ ಆಗಬೇಕು ಎಂದು ಹೇಳಿ ಹೋದಳು. ಅದೇನು ಹೊಸದಲ್ಲ, ಇಲ್ಲಿ ಎಲ್ಲ ಕೂಸುಗಳೂ ಉಣ್ಣೆಯಲ್ಲಿ ಸುತ್ತಿಸಿಕೊಂಡು, ಅಂಗಳದ ತಳ್ಳುಗಾಡಿಯಲ್ಲಿ, ಚಳಿಯಲ್ಲೇ ಮಲಗುವುದು. ಮುಖಕ್ಕೆ ತಣ್ಣನೆ ಗಾಳಿ ಸೋಕದಿದ್ದರೆ ಲೋವಾಳಿಗೆ ಕಣ್ಣೇ ಮುಚ್ಚುತ್ತಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಉತ್ತರದಿಂದ ಗಾಳಿ ಎದ್ದಿತು. ಹಿಮ ಅಡ್ಡಡ್ಡ ಹಾರತೊಡಗಿ ಅಂಗಳದ ಕಂಬವೂ ಕಾಣದಾಯಿತು. ಕೂಸನ್ನು ಹೊರಗಿಡುವ ಮಾತೇ ಇರಲಿಲ್ಲ. ಒಳಗೆ ಮಲಗಿಸಿದರೆ ಒಂದೇ ಸಮನೆ ರಂಪ. ಹಾಲ್ಬೆರಾಳ ಕೈಯೆಲ್ಲ ಹಿಟ್ಟು. ಹಬ್ಬಕ್ಕೆ ಕಾಗದದಷ್ಟು ತೆಳುವಾದ ರೊಟ್ಟಿ ಲಟ್ಟಿಸಿ, ಚಾಕುವಿನಲ್ಲಿ ಎಲೆಯ ಚಿತ್ತಾರ ಕತ್ತರಿಸುತ್ತಿದ್ದಳು. ಮೂವತ್ತು ರೊಟ್ಟಿ ಆಗಬೇಕಿತ್ತು. ಗಾಜಿನ ಮನೆಯಲ್ಲಿ ಮಲಗಿಸೋಣ, ಹಸಿರು ನೋಡುತ್ತಾ ನಿದ್ದೆ ಹೋಗುತ್ತಾಳೆ ಎಂದಳು.

ಕೆತಿಲ್ ಬೇಡವೆಂದ. ಅವಳು ಕೇಳಲಿಲ್ಲ. ತಳ್ಳುಗಾಡಿ ಆ ಸಣ್ಣ ಬಾಗಿಲಲ್ಲಿ ತೂರುವುದಿಲ್ಲ; ಅದರಿಂದ ಕಳಚಿ ಬರುವ ಹಿಡಿಕೆಯ ತೊಟ್ಟಿಲನ್ನಷ್ಟೇ ಎತ್ತಿಕೊಂಡು ಹೋಗಿ, ಮೂರು ಮೆಟ್ಟಿಲಿಳಿದು ಸೌತೆಬಳ್ಳಿಯ ಕೆಳಗೆ ಇಟ್ಟು ಬಂದಳು. ಹಲಗೆಗಳ ತುಂಬ ಸಸಿಯ ಕುಂಡಗಳಿದ್ದವು, ಬೇರೆ ಜಾಗವಿರಲಿಲ್ಲ. ಹಿಂಬಾಗಿಲಲ್ಲಿ ಎದುರಾದ ಕೆತಿಲ್‌ಗೆ, ಬಳ್ಳಿಯ ಕೆಳಗೆ ಮಲಗಿಸಿದ್ದೇನೆ ಎಂದಳು.

"ನೆಲದ ಮೇಲಾ? ಹಾಲ್ಬೆರಾ, ಕೂಸನ್ನ ನೆಲದ ಮೇಲೆ ಇಟ್ಟೆಯಾ?"

"ಫ್ಯಾನ್ ತಿರುಗ್ತಿದೆಯಲ್ಲ ನಿಂದು. ಅಷ್ಟು ಭಯ ಇದ್ರೆ ಹೋಗಿ ಪಕ್ಕದಲ್ಲೇ ಕಾವಲು ಕೂತ್ಕೋ. ಕುರಿ ಕಾದ ವಂಶ ತಾನೆ ನಿಂದು, ಮರಿ ಕಾಯಕ್ಕೆ ಬರಲ್ವಾ?"

ಅವನು ನೋಯುವ ಮಂಡಿಗೆ ಆಧಾರವಾಗಿ ಊರುಗೋಲು ತೆಗೆದುಕೊಂಡು ಹಿಮದೊಳಗೆ ನಡೆದ. ಒಳಗೆ ಮರದ ಸಣ್ಣ ಮಣೆಯೊಂದಿತ್ತು, ಕೂತರೆ ಮಂಡಿ ಎದೆಗೆ ಬರುವಂಥದ್ದು. ಹಿಮ ಒಂದು ಗಳಿಗೆ ಬಿಡುವು ಕೊಟ್ಟಾಗ ಅಡುಗೆಮನೆಯ ಕಿಟಕಿಯಿಂದ ಅವನು ಅದರ ಮೇಲೆ ಕೂತು ತೊಟ್ಟಿಲಿನತ್ತ ತಲೆ ಬಗ್ಗಿಸಿದ್ದು ದೀಪದ ಬೆಳಕಿನಲ್ಲಿ ಮಸುಕಾಗಿ ಕಂಡಿತು. ಹಾಲ್ಬೆರಾ ನಕ್ಕು ಚಾಕು ಹಿಡಿದಳು.

ಹನ್ನೊಂದನೇ ರೊಟ್ಟಿ ಕತ್ತರಿಸುವಾಗ ಕರೆಂಟು ಹೋಯಿತು. ಗಾಜಿನ ಮನೆಯ ದೀಪವೂ ಹೋಯಿತು. ಎಲ್ಲೋ ತಂತಿ ತುಂಡಾಗಿರಬೇಕು. ಅವಳ ಮೊದಲ ಯೋಚನೆ ಬಳ್ಳಿಗಳದ್ದು, ಮರುಕ್ಷಣವೇ ನಿರಾಳವಾದಳು: ಬಿಸಿನೀರಿಗೆ ಕರೆಂಟು ಬೇಕಾಗಿಲ್ಲವಲ್ಲ, ನೆಲದಿಂದ ತಾನೇ ಬರುತ್ತದೆ. ನಮ್ಮವರೆಲ್ಲ ಹಾಗೆ ಯೋಚಿಸಿಯೇ ನೂರು ಚಳಿಗಾಲ ಕಳೆದದ್ದು. ಕಾವು ಇದ್ದರೆ ಜೀವ ಇದೆ ಎಂದುಕೊಂಡು, ಲಾಟೀನು ಹೊತ್ತಿಸಿ, ಹನ್ನೆರಡನೇ ರೊಟ್ಟಿಗೆ ಕೈ ಹಾಕಿದಳು. ಫ್ಯಾನು ಅವಳ ನೆನಪಿಗೇ ಬರಲಿಲ್ಲ.

ಹತ್ತೊಂಬತ್ತನೆಯದರ ಹೊತ್ತಿಗೆ ಹಿಂಬಾಗಿಲ ಬಳಿ ಸ್ಕುಗ್ಗಿ ಊಳಿಡತೊಡಗಿತು. ಸುಮ್ಮನಿರೆಂದು ಗದರಿದಳು. ಅದು ಬಾಗಿಲು ಕೆರೆಯಿತು. ಇನ್ನು ಹನ್ನೊಂದೇ ಇದೆ, ಮುಗಿಸಿ ಹೋಗುತ್ತೇನೆ ಎಂದುಕೊಂಡಳು. ಇಪ್ಪತ್ತಮೂರನೆಯದರ ಎಲೆ ಅರ್ಧಕ್ಕೆ ಬಂದಾಗ ಗಾಳಿಯ ಸದ್ದಿನ ನಡುವೆ, ಒಂದು ಸದ್ದು ಈಗ ಕೇಳಿಸುತ್ತಿಲ್ಲ ಎಂಬುದು ಅವಳ ಗಮನಕ್ಕೆ ಬಂತು. ದಿನವಿಡೀ ಗುಂಯ್‌ಗುಡುತ್ತಿದ್ದ ಫ್ಯಾನು. ಕರೆಂಟಿನ ಜೊತೆಗೇ ಅದೂ ನಿಂತಿತ್ತು.

ಲಾಟೀನು ಹಿಡಿದು ಓಡಿದಳು. ಗಾಜಿನ ಮನೆಯ ಬಾಗಿಲಿಗೆ ಮೊಣಕಾಲಿನವರೆಗೆ ಹಿಮ ಒಟ್ಟಿತ್ತು. ಬುಡದಲ್ಲಿ ಕರಗಿದ್ದು ಗಾಳಿಗೆ ಗಡ್ಡೆಕಟ್ಟಿ ಬಾಗಿಲನ್ನು ಚೌಕಟ್ಟಿಗೆ ಬೆಸೆದಿತ್ತು. ಒಳಗಿನಿಂದ ಆನೆಬಲದವನು ತಳ್ಳಿದರೂ ತೆರೆಯುವಂತಿರಲಿಲ್ಲ. ಕೆತಿಲ್, ಕೆತಿಲ್ ಎಂದು ಕೂಗಿದಳು. ಉತ್ತರವಿಲ್ಲ. ಸಲಿಕೆಯಿಂದ ಹಿಮ ಎಳೆದು, ಗಡ್ಡೆ ಒಡೆದು, ಸೊಟ್ಟ ಬೆರಳುಗಳಿಂದ ಬಾಗಿಲನ್ನು ಕಿತ್ತು ತೆರೆದಳು.

ಮುಖಕ್ಕೆ ಬೆಚ್ಚನೆ ಹಬೆ ಬಡಿಯಿತು. ಒಂದು ಮೆಟ್ಟಿಲು ಇಳಿದಳು. ಎರಡನೆಯದಕ್ಕೆ ಕಾಲಿಟ್ಟಾಗ ಕೈಯಲ್ಲಿ ಕೆಳಗೆ ತೂಗುತ್ತಿದ್ದ ಲಾಟೀನು, ಯಾರೋ ಊದಿದಂತೆ, ಆರಿಹೋಯಿತು. ಒಳಗೆ ಗಾಳಿಯ ಸುಳಿವೂ ಇರಲಿಲ್ಲ. ಮೂವತ್ತಾರು ವರ್ಷ ಕೇಳಿ ಸುಸ್ತಾಗಿದ್ದ ಕತೆ ಅವಳಿಗೆ ಆಗ ಅರ್ಥವಾಯಿತು.

ಹೊರಗಿನ ಮಂಕು ಬೆಳಕಿನಲ್ಲಿ ಸೌತೆಬಳ್ಳಿಯ ಕೆಳಗೆ ನೋಡಿದಳು. ತೊಟ್ಟಿಲು ಅಲ್ಲಿರಲಿಲ್ಲ. ನೆಲದ ತುಂಬ ಒಡೆದ ಕುಂಡ, ಚೆಲ್ಲಿದ ಮಣ್ಣು, ಸಸಿಗಳು. ಅತಿ ಮೇಲಿನ ಹಲಗೆಯನ್ನು ಯಾರೋ ಒಂದೇ ಬೀಸಿಗೆ ಖಾಲಿ ಮಾಡಿದ್ದರು. ತೊಟ್ಟಿಲು ಅದರ ಮೇಲಿತ್ತು, ಉರುಳದಂತೆ ಪ್ಯಾಶನ್ ಬಳ್ಳಿಯ ತಂತಿಗೆ ಕೆತಿಲ್‌ನ ಸೊಂಟಪಟ್ಟಿಯಿಂದ ಬಿಗಿದಿತ್ತು. ಅದರ ನೆತ್ತಿಯ ಮೇಲೆ ಸೂರಿನ ಒಂದು ಗಾಜು ಒಡೆದಿತ್ತು. ಹೊರಕ್ಕೆ ತೂರಿದ ಊರುಗೋಲು ಅಲ್ಲೇ ಸಿಕ್ಕಿಕೊಂಡಿತ್ತು.

ಕೆತಿಲ್ ಹಲಗೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ, ಕೆನ್ನೆ ಮಣ್ಣಿಗೆ ಒತ್ತಿಕೊಂಡು.

ಹಾಲ್ಬೆರಾ ಉಸಿರು ಬಿಗಿಹಿಡಿದು ಇಳಿದಳು. ಸೊಂಟಪಟ್ಟಿ ಬಿಚ್ಚಿ, ತೊಟ್ಟಿಲನ್ನು ತಲೆಯ ಮೇಲೆ ಹೊತ್ತು, ಮೆಟ್ಟಿಲು ಹತ್ತಿ, ಹಿಂಬಾಗಿಲೊಳಗೆ ಇಟ್ಟು ಬಂದಳು. ಮತ್ತೆ ಇಳಿದಳು. ಕೆತಿಲ್‌ನ ತೋಳು ಹಿಡಿದು ಎಳೆಯಲು ಬಗ್ಗಿದ್ದೇ ತಡ, ಕಣ್ಣು ಕತ್ತಲಿಟ್ಟಿತು. ತೆವಳಿಕೊಂಡು ಹೊರಬಿದ್ದು, ಸಲಿಕೆ ಎತ್ತಿ ಗಾಜುಗಳನ್ನು ಒಂದೊಂದಾಗಿ ಒಡೆದಳು. ಹತ್ತು ವರ್ಷ ಒರೆಸಿ ಫಳಫಳ ಹೊಳೆಯುವಂತೆ ಇಟ್ಟಿದ್ದ ಗಾಜು. ಚಳಿಗಾಳಿ ಒಳನುಗ್ಗಿ ಹೀರೆಯ ಎಲೆಗಳು ಅವಳ ಕಣ್ಣೆದುರೇ ಕಪ್ಪಾಗಿ ಜೋತುಬಿದ್ದವು. ಸದ್ದು ಕೇಳಿ ಪಕ್ಕದ ಮನೆಯವರು ಬಂದರು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಗ್ಗದಲ್ಲಿ ಕೆತಿಲ್‌ನನ್ನು ಮೇಲೆಳೆದರು. ಅವನ ಜೀವ ಹೋಗಿ ಆಗಲೇ ಬಹಳ ಹೊತ್ತಾಗಿತ್ತು.

ಹಿಂಬಾಗಿಲ ಬಳಿ ತೊಟ್ಟಿಲಿನ ಪಕ್ಕ ಸ್ಕುಗ್ಗಿ ಕೂತಿತ್ತು. ಲೋವಾ ಗಾಢ ನಿದ್ದೆಯಲ್ಲಿದ್ದಳು. ಒಡೆದ ಗಾಜಿನಿಂದ ಉದುರಿದ ಹಿಮದ ಪುಡಿ ರೆಪ್ಪೆಯ ಮೇಲೆ ಕರಗುತ್ತಿತ್ತು. ಮುಖಕ್ಕೆ ತಣ್ಣನೆ ಗಾಳಿ ಸಿಕ್ಕಿತ್ತಲ್ಲ, ಇಷ್ಟೆಲ್ಲ ನಡೆದರೂ ಅವಳಿಗೆ ಎಚ್ಚರವೇ ಆಗಿರಲಿಲ್ಲ.

ಮಣ್ಣು ಮಾಡಿ ಬಂದ ದಿನ ಊರವರೆಲ್ಲ ಕಾಫಿ ಕುಡಿಯುತ್ತಾ, ಮೊಮ್ಮಗಳೆಂದರೆ ಕೆತಿಲ್‌ಗೆ ಪ್ರಾಣ, ಅವಳನ್ನು ಬಿಟ್ಟಿರಲಾರದೆ ಪಕ್ಕದಲ್ಲೇ ಹೋಗಿ ಕೂತಿದ್ದಾನೆ ಪಾಪ, ಎಂದು ಮಾತಾಡಿಕೊಂಡರು. ಹಾಗೆಯೇ ಬಿಟ್ಟಿದ್ದರೆ ಅದೇ ಊರಿನ ಮಾತಾಗಿ ಉಳಿಯುತ್ತಿತ್ತು. ಸ್ವಾಲಾ ಕೂಸನ್ನು ಎದೆಗವಚಿಕೊಂಡು ಅಡುಗೆಮನೆಗೆ ಬಂದಳು. ಅಂದು ಅರ್ಧ ಕತ್ತರಿಸಿದ್ದ ರೊಟ್ಟಿ ಇನ್ನೂ ಮೇಜಿನ ಮೇಲೇ ಒಣಗುತ್ತಿತ್ತು.

"ಅಪ್ಪನಿಗೆ ಆ ನೆಲ ಕಂಡ್ರೆ ಆಗ್ತಿರಲಿಲ್ಲವಲ್ಲಮ್ಮ. ಅಲ್ಲಿ ಯಾಕೆ ಹೋಗಿ ಕೂತಿದ್ದ?"

ಹಾಲ್ಬೆರಾ ಆ ರೊಟ್ಟಿಯನ್ನೇ ನೋಡುತ್ತಿದ್ದಳು. ಊರವರು ಕೊಟ್ಟ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿಕೊಂಡಳು.

"ನಾನೇ ಕಳಿಸಿದೆ," ಎಂದಳು. "ತಮಾಷೆ ಮಾಡಿ ಕಳಿಸಿದೆ."