ಮಾತು ಮುಗಿಸುವ ಮೇಡಂ

ಟೈಲರ್‌ನ ಬಾಯಿಂದ ಒಂದು ಪೂರ್ತಿ ಮಾತು ಹೊರಡಿಸುವುದರೊಳಗೆ ಮೇಡಂಗೆ ಸಾಕುಸಾಕಾಗಿ ಹೋಗಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಬಡಾವಣೆಯ ನೆರವು ಸಂಘಕ್ಕೆ ಬಂದು ಸೇರಿದವರು ಅವರು. ಕಷ್ಟಕ್ಕೆ ಸಿಕ್ಕವರಿಗೆ ಧೈರ್ಯ ತುಂಬಿ ಕೆಲಸಕ್ಕೆ ಹಚ್ಚುವುದು ಅವರ ಪಾಲಿನ ಸೇವೆ. ಎಂಥೆಂಥವರನ್ನೋ ದಡ ಹತ್ತಿಸಿದ್ದರು. ಇವನೊಬ್ಬ ಮಾತ್ರ ಜಪ್ಪಯ್ಯ ಎಂದರೂ ಬಾಯಿ ಬಿಡುತ್ತಿರಲಿಲ್ಲ.

ಅವನ ಅಂಗಡಿಗೆ ಬೆಂಕಿ ಬಿದ್ದು ವರ್ಷವಾಗಿತ್ತು. ಸುಟ್ಟದ್ದರಲ್ಲಿ ಗಿರಾಕಿಗಳ ಬಟ್ಟೆಯೇ ಹೆಚ್ಚು. ಒಬ್ಬೊಬ್ಬರೂ ಬಂದು ಬಾಯಿಗೆ ಬಂದಂತೆ ಬೈದು ಹೋದರು. ಅಂದಿನಿಂದ ಅವನು ತಂಗಿಯ ಮನೆಯಲ್ಲಿ ಮೂಲೆ ಹಿಡಿದು ಕೂತಿದ್ದ. ಎರಡು ತಿಂಗಳೊಳಗೆ ನಿನ್ನ ದಾರಿ ನೀನು ನೋಡಿಕೋ ಎಂದು ತಂಗಿಯ ಗಂಡ ಹೇಳಿಯೂ ಬಿಟ್ಟಿದ್ದ.

ಸಂಘದ ಕೋಣೆಯಲ್ಲಿ ಮೇಡಂ ಆರು ವಾರ ಅಭ್ಯಾಸ ಮಾಡಿಸಿದರು.

"ಹೇಳಿ ಟೈಲರ್ ಮಾಸ್ಟ್ರೇ, ಮೊದ್ಲು ಏನ್ ಮಾಡ್ತಿದ್ರಿ?"

"ನಾನು... ಒಂದು..."

"ಅಂಗಡಿ ಇಟ್ಕೊಂಡಿದ್ದೆ. ಎಷ್ಟು ವರ್ಷ?"

"ಹದಿ..."

"ಹದಿನೆಂಟು! ಅಯ್ಯೋ, ಅಷ್ಟು ಹೇಳೋಕೆ ಏನ್ರೀ ಕಷ್ಟ?"

ತಡವರಿಸುವ ಮಗುವಿಗೆ ಮುಂದಿನ ಪದ ಎತ್ತಿಕೊಡುವುದು ಅವರ ತರಗತಿಯ ಹಳೆಯ ರೂಢಿ. ಅದರಿಂದ ಮಗು ಕಲಿಯಿತೋ ಬಿಟ್ಟಿತೋ, ಪಾಠವಂತೂ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು.

ಕೊನೆಗೂ ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದು ಬಟ್ಟೆ ಕತ್ತರಿಸುವವನು ಬೇಕೆಂದಿತು. ಇದು ಕೈತಪ್ಪಿದರೆ ಭಾವನ ಗಡುವಿನೊಳಗೆ ಇನ್ನೊಂದು ಸಿಗುವ ಮಾತೇ ಇರಲಿಲ್ಲ. ಇವನನ್ನು ಒಂಟಿಯಾಗಿ ಕಳಿಸಿದರೆ ಕೆಟ್ಟಿತು ಎಂದುಕೊಂಡು ಮೇಡಂ ತಾವೇ ಜೊತೆಗೆ ಹೊರಟರು.

ಕಾರ್ಖಾನೆಯ ಒಡತಿ ಮೂರು ಪ್ರಶ್ನೆ ಕೇಳಿದಳು. ಮೂರಕ್ಕೂ ಮೇಡಂ ಉತ್ತರ ಕೊಟ್ಟರು.

"ಅಮ್ಮಾ, ಕೆಲ್ಸ ಬೇಕಾಗಿರೋದು ನಿಮಗಾ, ಅವರಿಗಾ?"

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಈ ಪುಣ್ಯಾತ್ಮ ಒಂದು ಸಲ ಬಾಯಿ ಬಿಟ್ಟಿದ್ದರೆ ತನಗೆ ಈ ಮಾತು ಕೇಳುವ ಕರ್ಮ ಇರುತ್ತಿತ್ತೇ?

ಒಡತಿ ಮೇಜಿನ ಮೇಲೆ ಚೌಕಳಿ ಬಟ್ಟೆಯ ಅಂಗಿಯೊಂದನ್ನೂ ಅದೇ ಬಟ್ಟೆಯ ಕತ್ತರಿಸದ ತುಂಡನ್ನೂ ಹರಡಿದಳು. "ಜೇಬಿನ ಗೆರೆ ಎದೆ ಗೆರೆಗೆ ಸೇರ್ತಾನೇ ಇಲ್ಲ. ಯಾಕೆ ಹೇಳಿ?"

ಟೈಲರ್ ಬಟ್ಟೆಯ ಮೇಲೆ ಬೆರಳಾಡಿಸಿದ. "ಇದು... ಮಡಿಕೆ..."

"ಮಡಿಕೆ ಸರಿಯಾಗಿ ಹಾಕಿಲ್ಲ ಅಂತಿದ್ದಾರೆ," ಎಂದರು ಮೇಡಂ.

ಟೈಲರ್‌ನ ಬೆರಳು ನಿಂತಿತು. "ಮಡಿಕೆ ಸರಿಯಾಗೇ ಇದೆ ಮೇಡಂ. ನಾನು ಹೇಳಕ್ಕೆ ಹೊರಟಿದ್ದು ಅದಲ್ಲ. ನೀವು ಸ್ವಲ್ಪ ಹೊರಗೆ ಕೂತಿರಿ."

ಮೇಡಂ ಹೊರಗಿನ ಬೆಂಚಿನ ಮೇಲೆ ಧೊಪ್ಪನೆ ಕೂತರು. ಆರು ವಾರ ಗಂಟಲು ಹರಿದುಕೊಂಡದ್ದಕ್ಕೆ ಸಿಕ್ಕ ಮೊದಲ ಪೂರ್ತಿ ಮಾತು ಇದು, ತನ್ನನ್ನೇ ಆಚೆಗೆ ಕಳಿಸುವ ಮಾತು! ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಒಳಗಿನಿಂದ ಅವನ ದನಿ ಕೇಳುತ್ತಲೇ ಇತ್ತು. ಮೊದಮೊದಲು ಎಡವುತ್ತಿತ್ತು, ಆಮೇಲೆ ಎಡವದೆ ನಡೆಯಿತು. ಇಷ್ಟು ದಿನ ತಾನು ಮುಗಿಸಿಕೊಟ್ಟ ಮಾತುಗಳಲ್ಲಿ ಅವನು ಹೇಳಬೇಕೆಂದಿದ್ದದ್ದು ಎಷ್ಟಿತ್ತೋ ಎಂಬ ಯೋಚನೆ ಬಂದು ಅವರಿಗೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಪೂರ್ತಿ ಇಳಿಯಲಿಲ್ಲ.

ಅರ್ಧ ಗಂಟೆಯ ಮೇಲೆ ಅವನು ಹೊರಬಂದ.

"ಏನಾಯ್ತು?"

"ಸೋಮವಾರದಿಂದ..."

ನಾಲಿಗೆಯ ತುದಿಗೆ ಬಂದದ್ದನ್ನು ಮೇಡಂ ಹಲ್ಲು ಕಚ್ಚಿ ತಡೆದರು.

"ಸೋಮವಾರದಿಂದ ಬನ್ನಿ ಅಂದ್ರು. ಆಗಲ್ಲ ಅಂದೆ. ಅಲ್ಲಿರೋ ಕತ್ತರಿ ಒಂದೂ ಹರಿತ ಇಲ್ಲ ಮೇಡಂ, ಕತ್ತರಿಸುವಾಗ ಮಡಿಕೆ ಜರುಗಿ ಗೆರೆ ತಪ್ಪುತ್ತೆ. ಎಲ್ಲಾ ಸಾಣೆ ಹಿಡಿಸಿಡಿ, ಬುಧವಾರ ಬರ್ತೀನಿ ಅಂದೆ."

ಸೋಮವಾರ ಹೋಗೋಕೆ ನಿಮಗೇನ್ರೀ ಧಾಡಿ ಎಂದು ಕೂಗಿಬಿಡಬೇಕು ಅನ್ನಿಸಿತು. "ಒಪ್ಪಿದ್ರಾ?" ಎಂದಷ್ಟೇ ಕೇಳಿ, ಅವನು ಉತ್ತರ ಹೇಳುವವರೆಗೂ ಮೇಡಂ ಕಾದರು.